ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು

ಕಾರ್ತಿಕಮಾಸ ಬಂತೆಂದರೆ ವಿಜಯವಾಡದಿಂದ ಪಂಚಾರಾಮ ಯಾತ್ರೆಯ ಬಸ್ಸುಗಳು ಹೊರಡುತ್ತವೆ. ಅಮರಾವತಿ, ಭೀಮವರಂ, ಪಾಲಕೊಲ್ಲು, ದ್ರಾಕ್ಷಾರಾಮ, ಸಾಮರ್ಲಕೋಟೆ ಎಂಬ ಐದು ಶಿವಕ್ಷೇತ್ರಗಳ ದರ್ಶನ ಒಂದೇ ಸುತ್ತಿನಲ್ಲಿ ಆಗುವುದರಿಂದ ನಮ್ಮ ಕನ್ನಡ ಕುಟುಂಬಗಳವರೂ ಹೋಗಿಬರುವುದುಂಟು. ನಮ್ಮ ರಾಜ್ಯೋತ್ಸವವೂ ಈ ಯಾತ್ರೆಯೂ ಆಸುಪಾಸಿನ ದಿನಗಳಲ್ಲಿಯೇ ಬರುತ್ತವೆ. ಭೀಮವರಂನಲ್ಲಿ ಸೋಮೇಶ್ವರನಿಗೆ ಕೈಮುಗಿದು, ಕಾಫಿ ಕುಡಿದು, ಮತ್ತೆ ಬಸ್ಸು ಹತ್ತುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಊರಿನಲ್ಲಿ ಹುಟ್ಟಿದ ಒಬ್ಬ ಮಹಾನುಭಾವರ ಹೆಸರು ಗೊತ್ತು? ನಮ್ಮ ಮನೆಯ ಔಷಧದ ಡಬ್ಬಿಯನ್ನು ತೆರೆದು ನೋಡಿದರೆ ಅವರ ಶ್ರಮದ ಫಲ ಒಂದಾದರೂ ಅದರಲ್ಲಿ ಸಿಕ್ಕೀತು. ಹೆಸರು ಮಾತ್ರ ಯಾವ ಚೀಟಿಯ ಮೇಲೂ ಇಲ್ಲ.

ಅವರು ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು. ತೆಲುಗರ ಬಾಯಲ್ಲಿ ಸುಬ್ಬಾರಾವು, ಅಮೆರಿಕದವರ ಬಾಯಲ್ಲಿ ಸುಬ್ಬರೋ. ನಮ್ಮ ನಾಲಿಗೆಗೆ ಸುಬ್ಬರಾಯರೆಂಬುದೇ ಹಿತವಾಗಿರುವುದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ. ನಾನು ವಿಜ್ಞಾನ ಓದಿದವನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದವನು. ಕೆಲವು ವರ್ಷ ವಿಜಯವಾಡದಲ್ಲಿದ್ದು ಈಗ ವಿಶಾಖಪಟ್ಟಣಕ್ಕೆ ಬಂದಿದ್ದೇನೆ. ರಾಯರ ಚರಿತ್ರೆಯನ್ನು ಓದುತ್ತ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಖ್ಯಾತಿಯಲ್ಲ, ಅವರ ಲೆಕ್ಕ. ತಾಳೆಯಾಗದ ಒಂದು ಸಣ್ಣ ಮೊತ್ತವನ್ನು ಬಿಟ್ಟುಬಿಡದೆ ಅದರ ಬೆನ್ನು ಹತ್ತಿದ ಮನುಷ್ಯ ಅವರು.

ರಾಯರು ಹುಟ್ಟಿದ್ದು 1895ನೆಯ ಇಸವಿ ಜನವರಿ 12ರಂದು. ಆಗ ಈ ಸೀಮೆಯೆಲ್ಲ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ಹಣವಿಲ್ಲ. ಹುಡುಗನಿಗೆ ಓದಿನ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ಹದಿಮೂರರ ಪ್ರಾಯದಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಮನೆ ಬಿಟ್ಟು ಓಡಿದನಂತೆ. ತಾಯಿ ಹಿಡಿದು ತಂದು ಮತ್ತೆ ಶಾಲೆಗೆ ಹಾಕಿದಳು. ರಾಜಮಹೇಂದ್ರಿಯಲ್ಲಿ ಓದಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಸೋತು, ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾಯಿತು. ಈಗ ನಮ್ಮ ಮಕ್ಕಳು ಒಂದು ಅಂಕ ಕಡಿಮೆ ತಂದರೆ ಮನೆಯೇ ಮುಳುಗಿದಂತೆ ಮಾಡುವ ನಾವು ಈ ಮೂರನೆಯ ಸಲವನ್ನು ಸ್ವಲ್ಪ ನೆನೆಯಬಹುದು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸುವಷ್ಟರಲ್ಲಿ ಮನಸ್ಸು ವೈರಾಗ್ಯದ ಕಡೆ ತಿರುಗಿತು. ರಾಮಕೃಷ್ಣ ಮಠವನ್ನು ಸೇರಬೇಕೆಂಬ ಹಂಬಲ. ಸನ್ಯಾಸ ಬೇಡ, ವೈದ್ಯವಿದ್ಯೆ ಕಲಿತು ರೋಗಿಗಳ ಸೇವೆ ಮಾಡು ಎಂಬ ಸಲಹೆ ಮಠದಿಂದಲೇ ಬಂತು. ಮದ್ರಾಸ್ ಮೆಡಿಕಲ್ ಕಾಲೇಜನ್ನು ಸೇರಿದರು. ಖರ್ಚಿಗೆ ಸ್ನೇಹಿತರು ಕೈಕೊಟ್ಟರು. ಹೆಚ್ಚಿನ ಭಾರವನ್ನು ಹೊತ್ತವರು ಕಸ್ತೂರಿ ಸೂರ್ಯನಾರಾಯಣ ಮೂರ್ತಿಗಳು. ಅವರ ಮಗಳು ಶೇಷಗಿರಿಯನ್ನು ರಾಯರು 1919ರಲ್ಲಿ ಮದುವೆಯಾದರು.

ಅದು ಗಾಂಧೀಜಿಯವರ ಕರೆ ದೇಶದಲ್ಲೆಲ್ಲ ಮೊಳಗುತ್ತಿದ್ದ ಕಾಲ. ರಾಯರು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ಅಂಗಿಯನ್ನೇ ತೊಟ್ಟು ಹೋಗತೊಡಗಿದರು. ಶಸ್ತ್ರವೈದ್ಯದ ಆಂಗ್ಲ ಪ್ರೊಫೆಸರ್ ಬ್ರಾಡ್‌ಫೀಲ್ಡರಿಗೆ ಇದು ಸರಿಬರಲಿಲ್ಲ. ಬರಹದ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಕೊನೆಗೆ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಒಂದು ಅಂಗಿಯ ಬಟ್ಟೆ ಮನುಷ್ಯನ ದಾರಿಯನ್ನು ಹೀಗೆ ತಿರುಗಿಸಿತು. ಸರ್ಕಾರಿ ವೈದ್ಯ ಇಲಾಖೆಯಲ್ಲಿ ಕೆಲಸ ಸಿಗಲಿಲ್ಲ. ಮದ್ರಾಸಿನಲ್ಲಿ ಡಾಕ್ಟರ್ ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪಾಧ್ಯಾಯರಾದರು.

ಇಲ್ಲಿ ಒಂದು ದುಃಖದ ಸಂಗತಿಯನ್ನು ಹೇಳಬೇಕು. ರಾಯರ ಸಹೋದರರಿಬ್ಬರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ರೋಗದಿಂದ ತೀರಿಕೊಂಡರು. ನಮ್ಮ ಹಿರಿಯರು ಸಂಗ್ರಹಣಿ ಎನ್ನುತ್ತಿದ್ದ ಜಾತಿಯ ರೋಗ ಇದು. ತಿಂದದ್ದು ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ನಾಲಿಗೆ ಹುಣ್ಣಾಗುತ್ತದೆ, ರಕ್ತ ನೀರಾಗುತ್ತದೆ, ಮನುಷ್ಯ ಒಣಗಿ ಹೋಗುತ್ತಾನೆ. ಅದೇ ರೋಗ ರಾಯರನ್ನೂ ಹಿಡಿಯಿತು. ಅವರು ಬದುಕಿದ್ದು ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ. ಇಂಗ್ಲಿಷ್ ವೈದ್ಯವನ್ನು ಓದಿದ ತನಗೇ ತನ್ನ ಮನೆಯ ರೋಗದ ಕಾರಣ ತಿಳಿಯದು, ಗುಣಮಾಡಿದ ಮದ್ದಿನಲ್ಲಿ ಏನಿತ್ತೆಂಬುದೂ ತಿಳಿಯದು ಎಂಬ ಸ್ಥಿತಿ. ಇದನ್ನು ತಿಳಿಯಲೇಬೇಕೆಂದು ಹೊರಟ ಮನುಷ್ಯ ಮುಂದೆ ಎಲ್ಲಿಗೆ ಹೋದರೂ ಈ ಪ್ರಶ್ನೆಯನ್ನು ಜೊತೆಯಲ್ಲಿ ಒಯ್ದರೆಂದು ನನಗೆ ತೋರುತ್ತದೆ.

ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ ಧರ್ಮನಿಧಿಯವರು ಸಹಾಯದ ಭರವಸೆ ಕೊಟ್ಟರು. ಮಾವನವರು ಉಳಿದ ಹಣವನ್ನು ಹೊಂದಿಸಿದರು. ಹಾಗೆ, 1920ರ ದಶಕದ ಮೊದಲ ವರ್ಷಗಳಲ್ಲಿ, ಸುಬ್ಬರಾಯರು ಉಷ್ಣವಲಯದ ರೋಗಗಳನ್ನು ಕುರಿತು ಓದಲು ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಹೆಂಡತಿ ಊರಿನಲ್ಲಿಯೇ ಉಳಿದಳು. ಅವರು ಹೋದ ಮೇಲೆ ಹುಟ್ಟಿದ ಗಂಡುಮಗು ಕೂಸಾಗಿದ್ದಾಗಲೇ ತೀರಿಕೊಂಡಿತು. ತಂದೆ ಅದರ ಮುಖವನ್ನು ನೋಡಲಿಲ್ಲ. ಹೆಂಡತಿಯ ಮುಖವನ್ನೂ ಮತ್ತೆ ನೋಡಲಿಲ್ಲ. ರಾಯರು ಭಾರತಕ್ಕೆ ಹಿಂದಿರುಗಲೇ ಇಲ್ಲ. ಮಹಾಪುರುಷರ ಚರಿತ್ರೆ ಬರೆಯುವವರು ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗುತ್ತಾರೆ. ಆ ತ್ಯಾಗ ಯಾರದೆಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಆ ಹೆಣ್ಣುಮಗಳದೇ ಎಂದು ನನ್ನ ಅಭಿಪ್ರಾಯ. ವರ್ಗವಾದಾಗ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗೆಳೆಯರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಸ್ಟನ್ನಿನಲ್ಲಿ ವಿದ್ಯಾರ್ಥಿವೇತನವಿಲ್ಲ, ವೈದ್ಯವೃತ್ತಿಗೆ ಅಲ್ಲಿನ ಪರವಾನಗಿಯೂ ಇಲ್ಲ. ಎಲ್.ಎಂ.ಎಸ್. ಡಾಕ್ಟರು ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಉಷ್ಣವಲಯ ವೈದ್ಯದ ಡಿಪ್ಲೊಮಾ ಆದ ಮೇಲೆ ಹಾರ್ವರ್ಡಿನ ಜೀವರಸಾಯನ ವಿಭಾಗವನ್ನು ಸೇರಿದರು. ಅಲ್ಲಿನ ಮುಖ್ಯಸ್ಥರು, ರಕ್ತಪರೀಕ್ಷೆಯ ವಿಧಾನಗಳಿಗೆ ಹೆಸರಾಗಿದ್ದ ಆಟೊ ಫೋಲಿನ್. ರಾಯರು ಕೆಲಸ ಮಾಡಿದ್ದು ಸೈರಸ್ ಫಿಸ್ಕೆ ಎಂಬವರ ಜೊತೆ.

ಈಗ ನಾನು ಮೊದಲು ಹೇಳಿದ ಲೆಕ್ಕದ ವಿಷಯ. ನಮ್ಮ ಶರೀರದಲ್ಲಿ ರಂಜಕ ಎಂಬ ಧಾತು ಇದೆ. ಇಂಗ್ಲಿಷಿನಲ್ಲಿ ಫಾಸ್ಫರಸ್ ಎನ್ನುತ್ತಾರೆ. ಮೂಳೆಯಲ್ಲಿ ಬಹಳ, ರಕ್ತದಲ್ಲಿಯೂ ಮಾಂಸದಲ್ಲಿಯೂ ಸ್ವಲ್ಪ ಸ್ವಲ್ಪ. ಆ ಸ್ವಲ್ಪ ಎಷ್ಟೆಂದು ಬೇಗನೆ, ಸರಿಯಾಗಿ ಅಳೆಯುವುದು ಆಗ ಕಷ್ಟದ ಕೆಲಸವಾಗಿತ್ತು. 1925ರಲ್ಲಿ ಫಿಸ್ಕೆ ಮತ್ತು ಸುಬ್ಬರಾಯರು ಒಂದು ಹೊಸ ಕ್ರಮವನ್ನು ಪ್ರಕಟಿಸಿದರು. ಪರೀಕ್ಷಿಸಬೇಕಾದ ದ್ರವಕ್ಕೆ ಆಮ್ಲವನ್ನೂ ಮಾಲಿಬ್ಡೇಟ್ ಎಂಬ ಲವಣವನ್ನೂ ಸೇರಿಸಿ, ಮತ್ತೊಂದು ರಸಾಯನವನ್ನು ಹಾಕಿದರೆ ನೀಲಿಬಣ್ಣ ಬರುತ್ತದೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಗೊತ್ತಿರುವ ಪ್ರಮಾಣದ ಮಾದರಿಯೊಡನೆ ಬಣ್ಣವನ್ನು ಹೋಲಿಸಿದರೆ ಮೊತ್ತ ಸಿಕ್ಕಿತು. ಸ್ವಲ್ಪ ರಕ್ತ ಸಾಕು, ಸ್ವಲ್ಪ ಸಮಯ ಸಾಕು. ಲೋಕದ ಪ್ರಯೋಗಶಾಲೆಗಳೆಲ್ಲ ಈ ಕ್ರಮವನ್ನು ಹಿಡಿದವು. ಫಿಸ್ಕೆ–ಸುಬ್ಬರೋ ವಿಧಾನವೆಂದು ವೈದ್ಯವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿದರು. ರಾಯರ ಹೆಸರು ಅಳಿಯದೆ ಉಳಿದ ಕೆಲವೇ ಜಾಗಗಳಲ್ಲಿ ಇದೊಂದು.

ಈ ಕ್ರಮದಿಂದ ಮಾಂಸಖಂಡದಲ್ಲಿನ ಫಾಸ್ಫೇಟನ್ನು ಅಳೆಯಹೊರಟಾಗ ಒಂದು ವಿಚಿತ್ರ ಕಂಡಿತು. ಸಾಮಾನ್ಯವಾಗಿ ನೀಲಿಬಣ್ಣ ಕೆಲವು ನಿಮಿಷಗಳಲ್ಲಿ ಪೂರ್ತಿ ಬಂದು ನಿಂತುಬಿಡುತ್ತದೆ. ಮಾಂಸದ ರಸದಲ್ಲಿ ಮಾತ್ರ ಬಣ್ಣ ತಡವಾಗಿ ಬಂತು, ಬಂದ ಮೇಲೂ ಗಾಢವಾಗುತ್ತಲೇ ಹೋಯಿತು. ಸಂಜೆ ಲೆಕ್ಕ ಮುಗಿಸಿ ಪೆಟ್ಟಿಗೆಗೆ ಬೀಗ ಹಾಕಿದ ಮೇಲೆಯೂ ಒಳಗಿನ ಹಣ ತಾನಾಗಿ ಹೆಚ್ಚುತ್ತಿದ್ದರೆ ಹೇಗಿರುತ್ತದೆ, ಹಾಗೆ! ಅವಸರದವರಾಗಿದ್ದರೆ ಏನೋ ಕೊಳಕು ಸೇರಿದೆಯೆಂದು ಪಾತ್ರೆ ತೊಳೆದು ಬೇರೆ ಕೆಲಸ ನೋಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಅಡಗಿ ಕುಳಿತಿದ್ದ ಒಂದು ವಸ್ತು ಪರೀಕ್ಷೆಯ ದ್ರವದಲ್ಲಿಯೇ ಮೆಲ್ಲಮೆಲ್ಲನೆ ಒಡೆದು ಫಾಸ್ಫೇಟನ್ನು ಬಿಟ್ಟುಕೊಡುತ್ತಿದೆಯೆಂದು ಕಂಡುಕೊಂಡರು. ಅದು ಕ್ರಿಯಾಟಿನ್ ಎಂಬ ಪದಾರ್ಥವೂ ಫಾಸ್ಫೇಟೂ ಕೂಡಿದ ಸಂಯುಕ್ತ, ಫಾಸ್ಫೋಕ್ರಿಯಾಟಿನ್. ಬೆಕ್ಕಿನ ಸ್ನಾಯುವನ್ನು ದುಡಿಸಿದಾಗ ಅದು ಇಳಿಯಿತು, ವಿಶ್ರಾಂತಿ ಕೊಟ್ಟಾಗ ಮತ್ತೆ ಏರಿತು. 1927ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವೇಳೆಗೆ ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗಳೂ ಅದೇ ವಸ್ತುವಿನ ಸುಳಿವನ್ನು ಹಿಡಿದಿದ್ದರು.

ಎರಡು ವರ್ಷಗಳ ಅನಂತರ, 1929ರಲ್ಲಿ, ಮಾಂಸದಿಂದಲೂ ಪಿತ್ತಜನಕಾಂಗದಿಂದಲೂ ಮತ್ತೊಂದು ಸಂಯುಕ್ತವನ್ನು ಬೇರ್ಪಡಿಸಿದರು. ಇದರಲ್ಲಿ ಸಾಲಾಗಿ ಮೂರು ಫಾಸ್ಫೇಟುಗಳು. ಇದೇ ಅಡಿನೋಸಿನ್ ಟ್ರೈಫಾಸ್ಫೇಟ್. ಈಗ ಹೈಸ್ಕೂಲು ಮಕ್ಕಳೂ ಎ.ಟಿ.ಪಿ. ಎಂದು ಬಲ್ಲರು. ಜರ್ಮನಿಯ ಕಾರ್ಲ್ ಲೋಮನ್ ಅದೇ ವರ್ಷ, ಕೆಲವು ವಾರಗಳ ಮೊದಲು, ಅದನ್ನು ಪ್ರಕಟಿಸಿದ್ದರು. ಆದ್ದರಿಂದ ಎ.ಟಿ.ಪಿ.ಯನ್ನು ನಮ್ಮ ಭೀಮವರಂನವರೊಬ್ಬರೇ ಕಂಡುಹಿಡಿದರೆಂದು ಅಭಿಮಾನದಿಂದ ಸಾರುವುದು ನ್ಯಾಯವಲ್ಲ. ಇಬ್ಬರೂ ಕಂಡರೆಂಬುದೇ ಸರಿ. ಅಲ್ಲಿಯ ತನಕ, ಸ್ನಾಯು ಸಂಕೋಚಗೊಳ್ಳುವುದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ನಂಬಿದ್ದರು. ಆ ದಾರಿಯಲ್ಲಿ ದುಡಿದ ಹಿಲ್ ಮತ್ತು ಮೇಯರ್‌ಹಾಫರಿಗೆ 1922ರ ನೊಬೆಲ್ ಬಹುಮಾನವೂ ಬಂದಿತ್ತು. ನೀಲಿಬಣ್ಣದ ಈ ಲೆಕ್ಕ ಆ ನಂಬಿಕೆಯನ್ನು ಬುಡಮೇಲು ಮಾಡಿತು.

ಎ.ಟಿ.ಪಿ.ಯನ್ನು ಜೀವಕೋಶದ ನಾಣ್ಯವೆಂದು ಪಠ್ಯಪುಸ್ತಕಗಳು ವರ್ಣಿಸುತ್ತವೆ. ಹಣದ ಮಧ್ಯೆ ಕುಳಿತು ದುಡಿಯುವವನಾಗಿ ಹೇಳುವುದಾದರೆ, ಈ ಹೋಲಿಕೆ ಅರ್ಧ ಸರಿ. ನಾಣ್ಯವನ್ನು ಕೂಡಿಡಬಹುದು, ಎ.ಟಿ.ಪಿ.ಯನ್ನು ಕೂಡಿಡಲಾಗದು. ಯಾವುದೇ ಕ್ಷಣದಲ್ಲಿ ಮೈಯಲ್ಲಿರುವುದು ಬಹಳ ಸ್ವಲ್ಪ. ಆದರೆ ಒಂದು ದಿನದಲ್ಲಿ ಒಡೆದು ಮತ್ತೆ ಕಟ್ಟುವ ಒಟ್ಟು ಮೊತ್ತ ನಮ್ಮ ಮೈತೂಕದ ಸಮೀಪಕ್ಕೆ ಬರುತ್ತದೆ. ಕೈಯಲ್ಲಿರುವ ನಗದು ಚಿಕ್ಕದು, ವಹಿವಾಟು ದೊಡ್ಡದು. ಫಾಸ್ಫೋಕ್ರಿಯಾಟಿನ್ ಎಂಬುದು ಗಿರಾಕಿಗಳು ಒಮ್ಮೆಗೇ ನುಗ್ಗಿದಾಗ ತೆರೆಯುವ ತಿಜೋರಿ.

1930ರಲ್ಲಿ ರಾಯರಿಗೆ ಹಾರ್ವರ್ಡಿನ ಪಿಎಚ್.ಡಿ. ಬಂತು. ಖಾಯಂ ಹುದ್ದೆ ಬರಲಿಲ್ಲ. ಫಿಸ್ಕೆಯವರ ಹತ್ತಿರ ಕೆಲಸ ಕಲಿತು ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಎಂಬವರು ಒಂದು ಮಾತನ್ನು ಹೇಳಿದ್ದಾರೆ: ರಾಯರು ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಫಿಸ್ಕೆಯವರು ಅಸೂಯೆಯಿಂದಲೋ ಏನೋ ಬೆಳಕಿಗೆ ಬರಗೊಡಲಿಲ್ಲ, ಬೇರೆಯವರು ವರ್ಷಗಳ ಮೇಲೆ ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತು. ರಾಯರಾದರೋ ಇದನ್ನು ಕುರಿತು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸುತ್ತದೆ.

1940ರಲ್ಲಿ ಹಾರ್ವರ್ಡನ್ನು ಬಿಟ್ಟು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬ ಊರಿನಲ್ಲಿದ್ದ ಲೆಡರ್ಲಿ ಔಷಧ ಪ್ರಯೋಗಶಾಲೆಯನ್ನು ಸೇರಿದರು. ಮುಂದೆ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ಉಳಿದದ್ದು ಎಂಟು ವರ್ಷದ ಆಯುಸ್ಸು. ಆ ಎಂಟು ವರ್ಷಗಳಲ್ಲಿ ಆದ ಕೆಲಸ ಎಂಟು ಜನ್ಮಕ್ಕೆ ಸಾಲುವಷ್ಟು.

ಮೊದಲನೆಯದು ಆ ಹಳೆಯ ಪ್ರಶ್ನೆಗೆ ಉತ್ತರ. ಇದಕ್ಕೂ ನಮ್ಮ ದೇಶಕ್ಕೂ ಮತ್ತೊಂದು ನಂಟಿದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ಮಹಿಳಾ ವೈದ್ಯರು ಮುಂಬಯಿಗೆ ಬಂದು, ಬಸುರಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರಿಶೀಲಿಸಿದರು. ಯೀಸ್ಟಿನಿಂದ ತೆಗೆದ ಅಗ್ಗದ ಸಾರವನ್ನು ತಿನ್ನಿಸಿದರೆ ಅವರ ರಕ್ತ ಸುಧಾರಿಸುವುದೆಂದು 1931ರಲ್ಲಿ ತೋರಿಸಿದರು. ಸಾರದಲ್ಲಿ ಏನೋ ಒಂದು ಜೀವಸತ್ತ್ವವಿದೆ, ಏನೆಂದು ತಿಳಿಯದು. 1941ರಲ್ಲಿ ಅಮೆರಿಕದ ಸಂಶೋಧಕರು ಅಂಥದೇ ವಸ್ತುವನ್ನು ಪಾಲಕ್ ಸೊಪ್ಪಿನಿಂದ ತೆಗೆದು, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಕರೆದರು. ರಾಯರ ಲೆಡರ್ಲಿ ತಂಡ 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿತು. ಸೊಪ್ಪಿನ ರಾಶಿಯಿಂದ ಚಿಟಿಕೆಯಷ್ಟು ಸಿಗುತ್ತಿದ್ದದ್ದು ಈಗ ಬೇಕಾದಷ್ಟು ಸಿಕ್ಕಿತು. ಕೂಡಲೇ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ರೋಗಿಗಳ ರಕ್ತ ಏರಿತು, ನಾಲಿಗೆಯ ಹುಣ್ಣು ಮಾಯಿತು, ಹಸಿವು ಮರಳಿತು. ಸಹೋದರರಿಬ್ಬರು ಆ ರೋಗಕ್ಕೆ ತುತ್ತಾಗಿ ಇಪ್ಪತ್ತೈದು ವರ್ಷಗಳಿಗೂ ಮೇಲಾಗಿದ್ದವು. ಇಂದು ನಮ್ಮ ಆರೋಗ್ಯಕೇಂದ್ರಗಳಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಇದೇ ಫೋಲಿಕ್ ಆಮ್ಲ.

ಇದರಿಂದಲೇ ಇನ್ನೊಂದು ಕವಲು ಒಡೆಯಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನ ಎಳೆಯ ರೋಗಿಗಳನ್ನು ನೋಡುತ್ತಿದ್ದರು. ಲ್ಯುಕೇಮಿಯಾ ಬಂದ ಮಗು ಕೆಲವು ವಾರಗಳಲ್ಲಿ ಸಾಯುತ್ತಿದ್ದ ಕಾಲ. ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟಾಗ ರೋಗ ಇಳಿಯುವ ಬದಲು ಕೆರಳಿದಂತೆ ಫಾರ್ಬರರಿಗೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲದ ವೇಷ ಹಾಕಿ ಅದರ ಜಾಗದಲ್ಲಿ ಕುಳಿತು, ಕೆಲಸವನ್ನು ಮಾತ್ರ ಕೆಡಿಸುವಂಥ ವಸ್ತುವಿದ್ದರೆ? ಅಂಥ ವಸ್ತುಗಳನ್ನು ರಾಯರ ತಂಡ ತಯಾರಿಸಿ ಕಳುಹಿಸಿತು. ಅವುಗಳಲ್ಲಿ ಒಂದು ಅಮಿನಾಪ್ಟೆರಿನ್. 1948ರ ಜೂನ್ ತಿಂಗಳಲ್ಲಿ ಫಾರ್ಬರರು ಹದಿನಾರು ಮಕ್ಕಳ ವರದಿಯನ್ನು ಪ್ರಕಟಿಸಿದರು; ಹತ್ತು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿದಿತ್ತು. ತಾತ್ಕಾಲಿಕವಾಗಿ ಎಂಬುದನ್ನು ಮರೆಯಬಾರದು. ರೋಗ ಮತ್ತೆ ಬಂತು. ಆದರೂ ಔಷಧದಿಂದ ಈ ರೋಗವನ್ನು ಹಿಂದೆ ತಳ್ಳಬಹುದೆಂದು ಲೋಕ ಮೊದಲ ಸಲ ಕಂಡಿತು.

ಅಮಿನಾಪ್ಟೆರಿನ್ನಿನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಎಂಬುದೂ ಅದೇ ಪ್ರಯೋಗಶಾಲೆಯದು. ಮಕ್ಕಳ ಲ್ಯುಕೇಮಿಯಾಕ್ಕೆ ಇತರ ಔಷಧಗಳೊಡನೆ ಅದನ್ನು ಇಂದಿಗೂ ಕೊಡುತ್ತಾರೆ. ಅನುಕೂಲವಿರುವ ದೇಶಗಳಲ್ಲಿ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತರಷ್ಟು ಬದುಕುತ್ತಿವೆ. ಕೀಲುಗಳು ಊದಿ ಸೊಟ್ಟಗಾಗುವ ಸಂಧಿವಾತಕ್ಕೂ ಅದೇ ಔಷಧವನ್ನು ಸಣ್ಣ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಮಾತ್ರ, ಕೊಡುವುದುಂಟು. ನಮ್ಮ ಕನ್ನಡ ಕುಟುಂಬಗಳ ಹಿರಿಯ ತಾಯಂದಿರಲ್ಲಿ ಇದನ್ನು ಸೇವಿಸುವವರಿದ್ದಾರೆ. ವಾರದಲ್ಲಿ ಒಂದು ದಿನ ಮೆಥೊಟ್ರೆಕ್ಸೇಟ್, ಅದರ ಕಾಟ ತಗ್ಗಲು ಬೇರೆ ದಿನ ಫೋಲಿಕ್ ಆಮ್ಲ. ವಿಷವೂ ಪ್ರತಿವಿಷವೂ ಒಬ್ಬರದೇ ಅಂಗಡಿಯಿಂದ ಬಂದವೆಂಬುದು ಆ ತಾಯಂದಿರಿಗೆ ಗೊತ್ತಿದ್ದರೆ ನಕ್ಕಾರು.

ಈಗ ಸ್ವಲ್ಪ ಕಠಿಣವಾದ ಭಾಗಕ್ಕೆ ಬರುತ್ತೇನೆ, ವಾಚಕರು ಬೇಸರಿಸಬಾರದು. ಮಧ್ಯರಾತ್ರಿ ಊರಿನಿಂದ ಫೋನು ಬಂದಿತೆನ್ನಿ. ಎದೆ ಹೊಡೆದುಕೊಳ್ಳುತ್ತದೆ, ಮೈಗೆ ಎಲ್ಲಿಂದಲೋ ಬಲ ಬರುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಹರಿದು ಪಿತ್ತಜನಕಾಂಗದ ಜೀವಕೋಶದ ಬಾಗಿಲು ತಟ್ಟುತ್ತದೆ. ಅದು ಒಳಗೆ ಬರುವುದಿಲ್ಲ. ಹೊರಗಿನ ತಟ್ಟು ಒಳಗಿನ ಉಗ್ರಾಣದವನಿಗೆ ಹೇಗೆ ತಿಳಿಯುತ್ತದೆ? ಅರ್ಲ್ ಸದರ್‌ಲೆಂಡ್ ಎಂಬವರು 1950ರ ದಶಕದಲ್ಲಿ ತೋರಿಸಿದಂತೆ, ಎ.ಟಿ.ಪಿ.ಯಿಂದಲೇ ಒಂದು ಪುಟ್ಟ ದೂತ ತಯಾರಾಗುತ್ತಾನೆ. ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಎಂಬ ಇಬ್ಬರು ಅದೇ ದಶಕದಲ್ಲಿ ಇನ್ನೊಂದನ್ನು ಕಂಡರು. ಕೈನೇಸ್ ಎಂಬ ಸಸಾರಜನಕ, ಎಂದರೆ ಪ್ರೋಟೀನು, ಎ.ಟಿ.ಪಿ.ಯ ಕೊನೆಯ ಫಾಸ್ಫೇಟನ್ನು ಕಿತ್ತು ಮತ್ತೊಂದು ಪ್ರೋಟೀನಿನ ಮೇಲೆ ಅಂಟಿಸುತ್ತದೆ. ಅಂಟಿಸಿದೊಡನೆ ಆ ಪ್ರೋಟೀನು ಎಚ್ಚೆತ್ತು ಕೆಲಸಕ್ಕೆ ತೊಡಗುತ್ತದೆ, ಸಕ್ಕರೆಯ ಉಗ್ರಾಣ ತೆರೆಯುತ್ತದೆ. ನಮ್ಮ ಬ್ಯಾಂಕಿನಲ್ಲಿ ವೋಚರಿನ ಮೇಲೆ ಮುದ್ರೆ ಬಿದ್ದರೆ ಮಾತ್ರ ಹಣ ಕೊಡುವಂತೆ, ಜೀವಕೋಶದಲ್ಲಿ ಫಾಸ್ಫೇಟೇ ಮುದ್ರೆ. ಕೆಲಸವಾದ ಮೇಲೆ ಮುದ್ರೆಯನ್ನು ಅಳಿಸುವ ಬೇರೆ ಪ್ರೋಟೀನುಗಳೂ ಇವೆ. ಮುದ್ರೆ ಒತ್ತುವ ಕೈನೇಸುಗಳೇ ಮನುಷ್ಯನಲ್ಲಿ 500ಕ್ಕೂ ಹೆಚ್ಚು ಬಗೆ. ಸದರ್‌ಲೆಂಡರಿಗೆ 1971ರಲ್ಲಿಯೂ ಫಿಷರ್, ಕ್ರೆಬ್ಸರಿಗೆ 1992ರಲ್ಲಿಯೂ ನೊಬೆಲ್ ಬಂತು.

ಹೀಗಾಗಿ ಈಗಿನ ವಿಜ್ಞಾನಿಗಳು ಒಂದು ರೋಗವನ್ನು ಅರಿಯಬೇಕಾದರೆ, ರೋಗದ ಜೀವಕೋಶದಲ್ಲಿ ಯಾವ ಯಾವ ಪ್ರೋಟೀನಿನ ಮೇಲೆ ಮುದ್ರೆ ಬಿದ್ದಿದೆ, ಆರೋಗ್ಯದ ಜೀವಕೋಶದಲ್ಲಿ ಎಲ್ಲಿ ಬಿದ್ದಿಲ್ಲ ಎಂದು ತಾಳೆ ನೋಡುತ್ತಾರೆ. ಪ್ರೋಟೀನುಗಳನ್ನು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಅತಿಸೂಕ್ಷ್ಮ ತಕ್ಕಡಿಯಲ್ಲಿ ಒಂದೊಂದು ತುಂಡನ್ನೂ ತೂಗುತ್ತಾರೆ. ಒಂದು ಫಾಸ್ಫೇಟ್ ಅಂಟಿದ ತುಂಡು, ಜಲಜನಕದ ಒಂದು ಪರಮಾಣುವಿನ ತೂಕ ಸುಮಾರು 1 ಎಂದಿಟ್ಟುಕೊಂಡರೆ, 80ರಷ್ಟು ಹೆಚ್ಚು ತೂಗುತ್ತದೆ. ಆ 80ನ್ನು ಹುಡುಕುವುದೇ ಕೆಲಸ. ರಾಯರು ಬಣ್ಣ ನೋಡಿ ಎಣಿಸಿದ ಫಾಸ್ಫೇಟನ್ನು ಇವರು ತೂಕ ನೋಡಿ ಎಣಿಸುತ್ತಾರೆ. ಅವರು ಒಟ್ಟು ಮೊತ್ತವನ್ನು ಕಂಡರು. ಇವರು ಯಾವ ಖಾತೆಯಲ್ಲಿ, ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ ಎಂಬುದನ್ನೂ ಕಾಣುತ್ತಾರೆ.

ಇದರ ಫಲವೊಂದನ್ನು ಹೇಳಬೇಕು. ದೊಡ್ಡವರಿಗೆ ಬರುವ ಒಂದು ಜಾತಿಯ ರಕ್ತದ ಕ್ಯಾನ್ಸರಿನಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಅದರಿಂದ ಹುಟ್ಟುವ ಕೈನೇಸು ಯಾರ ಅಪ್ಪಣೆಯೂ ಇಲ್ಲದೆ ಹಗಲಿರುಳು ಮುದ್ರೆ ಒತ್ತುತ್ತದೆ. ರಕ್ತಕಣಗಳು ಹದ್ದುಮೀರಿ ಬೆಳೆಯುತ್ತವೆ. 2001ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಮಾಟಿನಿಬ್ ಎಂಬ ಮಾತ್ರೆ ಆ ಕೈನೇಸಿನಲ್ಲಿ ಎ.ಟಿ.ಪಿ. ಕೂರುವ ಜಾಗಕ್ಕೇ ಹೋಗಿ ಕುಳಿತು ಮುದ್ರೆಯನ್ನು ಕಸಿದುಕೊಳ್ಳುತ್ತದೆ. ವರ್ಷಗಳಲ್ಲಿ ಕೊಲ್ಲುತ್ತಿದ್ದ ರೋಗ ಈಗ ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ. ವೇಷಧಾರಿಯೊಬ್ಬನನ್ನು ಜಾಗದಲ್ಲಿ ಕೂರಿಸುವ ಅದೇ ಉಪಾಯ! ಇದೆಲ್ಲವನ್ನೂ ರಾಯರು ಮುಂಗಂಡಿದ್ದರೆಂದರೆ ಸುಳ್ಳಾಗುತ್ತದೆ. ಪ್ರೋಟೀನಿನ ಮೇಲಿನ ಮುದ್ರೆಯ ಸಂಗತಿ ಬಯಲಾಗುವ ಮೊದಲೇ ಅವರು ತೀರಿಕೊಂಡಿದ್ದರು. ಆದರೆ ಮುದ್ರೆ ಯಾವುದರಿಂದ ಬರುತ್ತದೆ ಎಂಬುದನ್ನು ಕಂಡವರಲ್ಲಿ ಅವರೊಬ್ಬರು.

ಲೆಡರ್ಲಿಯ ಇನ್ನೆರಡು ಕೆಲಸಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಮಿಸೌರಿಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಅಲ್ಲಿಯೇ ಆರಿಯೊಮೈಸಿನ್ ಎಂಬ ಔಷಧವನ್ನು ತೆಗೆದರು. 1948ರಲ್ಲಿ ಅದು ಲೋಕಕ್ಕೆ ತಿಳಿಯಿತು. ಟೆಟ್ರಾಸೈಕ್ಲಿನ್ ಎಂಬ ಔಷಧಕುಲದ ಹಿರಿಯಣ್ಣ ಅದು. ಇನ್ನೊಂದು, 1947ರಲ್ಲಿ ಬಂದ ಹೆಟ್ರಜಾನ್. ಆನೆಕಾಲು ರೋಗದ ಹುಳುವನ್ನು ಕೊಲ್ಲುವಂಥದು. ಗೋದಾವರಿ ಕೃಷ್ಣಾ ಸೀಮೆಯಲ್ಲಿ ಆನೆಕಾಲನ್ನು ನೋಡದವರಿಲ್ಲ. ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಲ್ಲಿಯೂ, ಬೀದರ್, ಕಲಬುರಗಿ, ರಾಯಚೂರು ಕಡೆಯಲ್ಲಿಯೂ ಆ ಪಿಡುಗು ಇತ್ತು. 2004ರಿಂದ ಆರೋಗ್ಯ ಇಲಾಖೆಯವರು ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಎದುರಿನಲ್ಲಿಯೇ ನುಂಗಿಸಿ ಹೋದ ಡಿ.ಇ.ಸಿ. ಮಾತ್ರೆ ಇದೇ. ಆಂಧ್ರದವರೂ ನಾವೂ ಒಂದೇ ಮಾತ್ರೆಯನ್ನು ನುಂಗಿದ್ದೇವೆ. 1956ರ ನವೆಂಬರ್ 1ರಂದು ಎರಡು ರಾಜ್ಯಗಳೂ ಒಂದೇ ದಿನ ರೂಪುಗೊಂಡದ್ದನ್ನು ಪ್ರತಿವರ್ಷವೂ ಭಾಷಣಗಳಲ್ಲಿ ಹೇಳುತ್ತೇವೆ. ಈ ಮಾತ್ರೆಯನ್ನೂ ಸೇರಿಸಿಕೊಳ್ಳಬಹುದು.

ನಿರ್ದೇಶಕರಾಗಿದ್ದರೂ ಪ್ರಕಟವಾದ ಲೇಖನಗಳಲ್ಲಿ ರಾಯರು ಸಹೋದ್ಯೋಗಿಗಳ ಹೆಸರನ್ನು ಮುಂದೆ ಬಿಟ್ಟರು. ಇದು ಅವರ ವಿನಯ ಹೌದು. ಲೋಕ ಅವರನ್ನು ಮರೆಯುವುದಕ್ಕೆ ಒಂದು ಕಾರಣವೂ ಹೌದು. ಅಷ್ಟು ವರ್ಷ ಅಲ್ಲಿದ್ದರೂ ಅಮೆರಿಕದ ಪೌರರಾಗಲಿಲ್ಲ. ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, 1948ರ ಆಗಸ್ಟ್ 8ರ ರಾತ್ರಿ ಮಲಗಿದವರು ನಿದ್ರೆಯಲ್ಲಿಯೇ ತೀರಿಕೊಂಡರು. ವಯಸ್ಸು 53. ಫಾರ್ಬರರ ವರದಿ ಅಚ್ಚಾಗಿ ಎರಡು ತಿಂಗಳಾಗಿತ್ತು.

1953ರಲ್ಲಿ ಹೆಸೆಲ್ಟೈನ್ ಎಂಬ ವಿಜ್ಞಾನಿ ಹೊಸ ಜಾತಿಯ ಶಿಲೀಂಧ್ರವೊಂದಕ್ಕೆ ಸುಬ್ಬರೋಮೈಸಿಸ್ ಎಂದು ರಾಯರ ಹೆಸರಿಟ್ಟರು. ಅದು ಸಿಕ್ಕಿದ್ದು ಊರಿನ ಕೊಳಚೆನೀರನ್ನು ಶುದ್ಧಿಮಾಡುವ ಶೋಧಕದಲ್ಲಿ. ನಮ್ಮ ಸರ್ಕಾರ 1995ರಲ್ಲಿ, ಜನ್ಮಶತಾಬ್ದಿಯ ವರ್ಷ, ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮನೆಯಲ್ಲಿ ಅಂಚೆಚೀಟಿ ಸಂಗ್ರಹಿಸುವ ಹಿರಿಯರಿದ್ದರೆ ಅವರ ಪುಸ್ತಕದಲ್ಲಿ ಹುಡುಕಿ ನೋಡಬಹುದು. ಈ ಸಲ ಪಂಚಾರಾಮಕ್ಕೆ ಹೋಗದವರಿಗೂ ದಾರಿಯಿದೆ: ವಿಜಯವಾಡದಿಂದ ಗುಡಿವಾಡದ ಮೇಲೆ ಹೋಗುವ ರೈಲು ಭೀಮವರಂನಲ್ಲಿ ನಿಲ್ಲುತ್ತದೆ, ವಿಶಾಖಪಟ್ಟಣದ ಕಡೆಯಿಂದ ಬರುವವರು ನಿಡದವೋಲಿನಲ್ಲಿ ದಾರಿ ಕವಲೊಡೆಯುವುದನ್ನು ನೆನಪಿಟ್ಟುಕೊಂಡರೆ ಸಾಕು.